ಚೋಟುಹಸ್ತರ ಲೇಖನೀಮೀಮಾಂಸೆ

ಬರೆಯುವ ಕೈಗಳು ಎರಡು ಬಗೆ: ಗೇಣುಹಸ್ತ, ಚೋಟುಹಸ್ತ. ಚಾಚಿದ ಹೆಬ್ಬೆರಳಿನಿಂದ ಕಿರುಬೆರಳ ತುದಿಗೆ ಒಂದು ಗೇಣು, ತೋರುಬೆರಳ ತುದಿಗೆ ಒಂದು ಚೋಟು. ಯಾರ ಗೇಣು ಊರವರ ಚೋಟಿಗೆ ಸಮವೋ ಅವರೇ ಈ ಶಾಸ್ತ್ರಕ್ಕೆ ಅಧಿಕಾರಿಗಳು. ಉಳಿದವರು ಎದ್ದು ಹೋಗಬಹುದು.

ಪೂರ್ವಪಕ್ಷ: ಚಿಕ್ಕ ಕೈಗೆ ಚಿಕ್ಕ ಪೆನ್ನು, ಇದರಲ್ಲಿ ಮೀಮಾಂಸೆ ಮಾಡಲು ಏನಿದೆ? 1920ರ ದಶಕದ ಅಮೆರಿಕದ ಕಂಪನಿಗಳ ಮತವೂ ಇದೇ. 1921ರಲ್ಲಿ ಬಂದ ಪಾರ್ಕರ್ ಡ್ಯುಯೊಫೋಲ್ಡ್ ವಂಶದಲ್ಲಿ ದಢೂತಿಗೆ ‘ಸೀನಿಯರ್’ ಎಂಬ ಪಟ್ಟ, ಪುಟಾಣಿಗೆ ‘ಲೇಡಿ’ ಎಂಬ ಹೆಸರು. ಚೋಟುಹಸ್ತದ ಗಂಡಸರು ಮಾನಕ್ಕಂಜಿ ಸೀನಿಯರನ್ನೇ ಕೊಂಡು ಜೇಬಿನಲ್ಲಿ ಮೆರೆಸಿ, ಬರೆಯಲು ಪೆನ್ಸಿಲ್ ಹಿಡಿದಿರಬೇಕು. ಎಲ್ಲಾದರೂ ನಿಬ್ಬು ಸವೆಯದ ಸೀನಿಯರೊಂದು ಸಿಕ್ಕರೆ ಅದೇ ಪ್ರಮಾಣ.

ಸಿದ್ಧಾಂತ: ಉದ್ದ ಗೌಣ, ಭಾರ ಕೂರುವ ಜಾಗವೇ ಪ್ರಧಾನ. ಪೆನ್ನಿನ ಬೆನ್ನು ಹೆಬ್ಬೆರಳು, ತೋರುಬೆರಳುಗಳ ನಡುವಿನ ತೊಗಲಿಗೆ ಒರಗಬೇಕು. ಹಿಂಬದಿಗೆ ಮುಚ್ಚಳ ಸಿಕ್ಕಿಸಿದಿರೋ, ತೂಕ ಹಿಂದಕ್ಕೆ ಜಗ್ಗುತ್ತದೆ, ನಿಬ್ಬು ಕಾಗದ ಬಿಟ್ಟೇಳಲು ನೋಡುತ್ತದೆ. ಬೆರಳುಗಳು ಬರೆಯುವ ಕೆಲಸ ಬಿಟ್ಟು ಏತ ತುಳಿಯತೊಡಗುತ್ತವೆ. 1941ರ ಪಾರ್ಕರ್ 51ರ ಲೋಹದ ಮುಚ್ಚಳ ಈ ದೋಷಕ್ಕೆ ಶಾಸ್ತ್ರೋಕ್ತ ಉದಾಹರಣೆ. ಅದನ್ನು ಮೇಜಿನ ಮೇಲಿಟ್ಟು ಬರೆಯುವುದೇ ಪ್ರಾಯಶ್ಚಿತ್ತ. ಆಮೇಲೆ ಕಂಪನಿಯೇ ‘ಡೆಮಿ’ ಎಂಬ ಗಿಡ್ಡ ತಮ್ಮನನ್ನೂ ಕೊಟ್ಟಿತು.

ಉದ್ದ ಬೇರೆ, ದಪ್ಪ ಬೇರೆ ಎಂಬ ವಿವೇಕ ಕಂಡದ್ದು ಎಸ್ಟರ್‌ಬ್ರೂಕ್ ಕಂಪನಿಗೆ. ಅದರ ‘ಜೆ’ ದಪ್ಪ. ‘ಎಲ್‌ಜೆ’ ಅಷ್ಟೇ ಉದ್ದ, ಆದರೆ ಸಪೂರ. ‘ಎಸ್‌ಜೆ’ ಗಿಡ್ಡವೂ ಹೌದು, ಸಪೂರವೂ ಹೌದು. ನಿಬ್ಬನ್ನು ಬೆರಳಲ್ಲೇ ತಿರುಗಿಸಿ ಬಿಚ್ಚಿ ಬೇರೆಯದನ್ನು ಹಾಕಿಕೊಳ್ಳಬಹುದು. ಚೋಟುಹಸ್ತರ ಕುಲದೇವತೆ ಎಸ್‌ಜೆಯೇ ಎಂಬುದು ಪ್ರಸ್ತುತ ಭಾಷ್ಯಕಾರನ ದೃಢಮತ. 1950ರ ಜರ್ಮನಿಯ ಪೆಲಿಕನ್ 400 ಹಗುರ, ಮುಚ್ಚಿದಾಗ ಸುಮಾರು 12.7 ಸೆಂ.ಮೀ.; ಅದನ್ನು ಇಷ್ಟದೇವತೆಯಾಗಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಇನ್ನು 1960-70ರ ದಶಕಗಳ ಜಪಾನಿ ಪಾಕೆಟ್ ಪೆನ್ನುಗಳೆಂಬ ಮಾಯೆ. ಪೈಲಟ್ ಎಲೀಟ್ ಜೇಬಿನಲ್ಲಿರುವವರೆಗೆ ವಾಮನ. ಉದ್ದನೆಯ ಮುಚ್ಚಳ ಕಳಚಿ ಬೆನ್ನಿಗೇರಿಸಿದೊಡನೆ ತ್ರಿವಿಕ್ರಮ. ಅದು ಹುಟ್ಟಿದ್ದು ಚಿಕ್ಕ ಜೇಬಿಗೆ, ಚಿಕ್ಕ ಕೈಗಲ್ಲ. ಆದರೂ ಮುಚ್ಚಳ ಹಗುರವಾದ್ದರಿಂದ ಬಲಿಯಂತೆ ನಾವೂ ಅದಕ್ಕೆ ತಲೆಕೊಡುತ್ತೇವೆ.

ಪರೀಕ್ಷಾವಿಧಿ: ಅಂಗಡಿಯಲ್ಲಿ ಸಹಿ ಹಾಕಿ ನೋಡುವುದು ನಿಷಿದ್ಧ, ಸಹಿಗೆ ಎಂಥ ಪೆನ್ನೂ ಒಗ್ಗುತ್ತದೆ. ಒಂದು ಪುಟ ತುಂಬ ಬರೆಯಬೇಕು. ಅಷ್ಟರಲ್ಲಿ ಒಳಗಿನ ಹಳೆಯ ರಬ್ಬರ್ ಚೀಲ ಬಿರಿದರೆ ಗೇಣುಹಸ್ತ, ಚೋಟುಹಸ್ತ ಎರಡೂ ನೀಲಿಹಸ್ತವಾಗುತ್ತವೆ. ಅದರ ವಿಚಾರ ಚೀಲಪ್ರಕರಣದಲ್ಲಿ.