ಬೆಳಿಗ್ಗೆ ಎಂಟಕ್ಕೆ ಪಟ್ಟದಿಂದಿಳಿದವರು

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದು ಗಾದೆ ಕಟ್ಟಿದವರು ಕ್ರೂಸ್ ಹಡಗು ಹತ್ತಿದವರಲ್ಲ. ಇಲ್ಲಿ ದಡ ಮುಟ್ಟಿದ ಕೂಡಲೇ ಹಂಗು ಹರಿದುಕೊಳ್ಳುವವನು ಅಂಬಿಗನೇ. ನಿನ್ನೆಯವರೆಗೆ ಟವೆಲನ್ನು ಆನೆಯಾಗಿ ಮಡಚಿ, ನಿಮ್ಮ ಕೂಲಿಂಗ್ ಗ್ಲಾಸನ್ನೇ ಅದಕ್ಕೆ ತೊಡಿಸಿ ಹಾಸಿಗೆ ಮೇಲೆ ಕೂರಿಸುತ್ತಿದ್ದ ಹುಡುಗ ಇವತ್ತು ಏಳೂವರೆಗೇ ಬಾಗಿಲು ತಟ್ಟಿ 'ಗುಡ್ ಮಾರ್ನಿಂಗ್ ಸರ್' ಅನ್ನುತ್ತಾನೆ. ದನಿ ಅದೇ, ನಗುವೂ ಅದೇ. ಅರ್ಥ ಮಾತ್ರ 'ಇನ್ನೂ ಇದ್ದೀರಾ?'

ಅವನನ್ನು ಬೈದು ಪ್ರಯೋಜನವಿಲ್ಲ. ಸಾವಿರಾರು ಜನ ಇಳಿದ ಹಡಗಿಗೆ ಅದೇ ಮಧ್ಯಾಹ್ನ ಮತ್ತೆ ಸಾವಿರಾರು ಜನ ಹತ್ತಬೇಕು. ಅಷ್ಟರಲ್ಲಿ ಅಷ್ಟೂ ಹಾಸಿಗೆಗಳ ಹೊದಿಕೆ ಬದಲಾಗಬೇಕು. ಬಂದರಿನಲ್ಲಿ ನಿಂತ ಹಡಗಿನ ಕ್ಯಾಸಿನೊ ಬಾಗಿಲು ಹಾಕಿರುತ್ತದೆ, ಅಂಗಡಿಗಳೂ ಮುಚ್ಚಿರುತ್ತವೆ. ಅಂದಮೇಲೆ ನಿಮ್ಮನ್ನು ಇಟ್ಟುಕೊಂಡು ಮಾಡುವುದೇನು? ಪಿತೃಪಕ್ಷದ ಕಾಗೆಗೂ ನಿಮಗಿಂತ ಹೆಚ್ಚು ಹೊತ್ತು ಮರ್ಯಾದೆ ಸಿಗುತ್ತದೆ.

ಪಟ್ಟದಿಂದಿಳಿಸುವ ಶಾಸ್ತ್ರ ಹಿಂದಿನ ರಾತ್ರಿಯೇ ಶುರುವಾಗಿರುತ್ತದೆ. ಸೂಟ್‌ಕೇಸಿಗೆ ಬಣ್ಣದ ಚೀಟಿ ಕಟ್ಟಿ ಮಲಗುವ ಮುಂಚೆ ಬಾಗಿಲ ಹೊರಗಿಡಬೇಕು. ನಮ್ಮವರಲ್ಲಿ ಒಬ್ಬರಾದರೂ ಮರುದಿನದ ಪ್ಯಾಂಟನ್ನೂ ಅದರೊಳಗೇ ತುಂಬಿ ಕಳಿಸಿರುತ್ತಾರೆ. ಬೆಳಿಗ್ಗೆ ಬಫೆಯಲ್ಲಿ ಬರ್ಮುಡಾ ಹಾಕಿಕೊಂಡು, ಮುಖದಲ್ಲಿ ಮಾತ್ರ ಬ್ಯಾಂಕ್ ಮ್ಯಾನೇಜರನ ಗಾಂಭೀರ್ಯ ಹೊತ್ತು ಕೂತಿರುವವರು ಅವರೇ. ಪಕ್ಕದಲ್ಲಿ ಯಜಮಾನತಿ ಎರಡು ಬಾಳೆಹಣ್ಣು, ನಾಲ್ಕು ಬನ್ನುಗಳನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ವ್ಯಾನಿಟಿ ಬ್ಯಾಗಿಗೆ ಇಳಿಸುತ್ತಿರುತ್ತಾರೆ. ರಾತ್ರಿಯೆಲ್ಲ ಬಾಗಿಲ ಸಂದಿಯಿಂದ ತೂರಿ ಬಂದ ಬಿಲ್ಲು ನೋಡಿದವರಿಗೆ ಇದು ಕಳ್ಳತನ ಅನ್ನಿಸುವುದಿಲ್ಲ, ವಸೂಲಿ ಅನ್ನಿಸುತ್ತದೆ.

ಹೀಗೆ ಸಿಂಗಾಪುರದ ಮರೀನಾ ಬೇ ಕ್ರೂಸ್ ಸೆಂಟರಿನಿಂದ ಹೊರಬಿದ್ದಾಗ ಗಂಟೆ ಒಂಬತ್ತು. ಬೆಂಗಳೂರಿನ ವಿಮಾನ ರಾತ್ರಿ ಹತ್ತಕ್ಕೆ. ಮಧ್ಯಾಹ್ನದ ವಿಮಾನ ಇರಲಿಲ್ಲವೇ ಎಂದು ಕೇಳಬೇಡಿ. ಇತ್ತು. ತಲೆಗೆ ಎರಡು ಸಾವಿರ ಹೆಚ್ಚಿತ್ತು. ಟ್ರಾವೆಲ್ ಏಜೆಂಟ್ ಮಹಾಶಯ ಆ ಹದಿಮೂರು ಗಂಟೆಗಳ ಮುಂದೆ 'ಡೇ ಅಟ್ ಲೀಷರ್' ಎಂದು ಬರೆದು, ಪಕ್ಕದಲ್ಲಿ ಒಂದು ತಾಳೆಮರದ ಚಿತ್ರವನ್ನೂ ಅಂಟಿಸಿದ್ದ. ಇಡೀ ಪ್ಯಾಕೇಜಿನಲ್ಲಿ ಅವನಿಗೆ ನಯಾಪೈಸೆ ಖರ್ಚಿಲ್ಲದ ದಿನ ಅದೊಂದೇ. ಬ್ರೋಷರಿನಲ್ಲಿ ದಪ್ಪಕ್ಷರದಲ್ಲಿದ್ದದ್ದೂ ಅದೊಂದೇ.

ನನಗೆ ಬಗೆಹರಿಯದ ಸಂಗತಿ ಇಲ್ಲಿದೆ. ಹಡಗಿನಲ್ಲಿದ್ದಷ್ಟು ದಿನ ಈ ಸಂಸಾರ ಮಾಡಿದ್ದೇನು? ಏನೂ ಇಲ್ಲ. ಆರಾಮಕುರ್ಚಿಯಲ್ಲಿ ಒರಗಿ ನೀರು ನೋಡಿದ್ದು. ನೀರು ಬೇಸರವಾದಾಗ ಎದ್ದು ಊಟಕ್ಕೆ ಹೋಗಿದ್ದು, ಊಟ ಬೇಸರವಾದಾಗ ಬಂದು ನೀರು ನೋಡಿದ್ದು. ಅದಕ್ಕಾಗಿ ಲಕ್ಷಗಟ್ಟಲೆ ತೆತ್ತಿದ್ದರು, ಆದ್ದರಿಂದ ಪರಮಾನಂದವಾಗಿತ್ತು. ಈಗ ಅದೇ 'ಏನೂ ಇಲ್ಲ' ಬಿಟ್ಟಿಯಾಗಿ ಸಿಕ್ಕಿದೆ. ಬೇಕಾದಷ್ಟು ಬೆಂಚುಗಳಿವೆ, ಮರದ ನೆರಳಿದೆ, ನೋಡಲು ಅದೇ ಸಮುದ್ರವೂ ಇದೆ. ಆದರೆ ಯಜಮಾನರ ಮುಖದಲ್ಲಿ ಎಲ್‌ಐಸಿ ಪಾಲಿಸಿ ಲ್ಯಾಪ್ಸ್ ಆದಷ್ಟು ಗಾಬರಿ. 'ಸುಮ್ನೆ ಟೈಮ್ ವೇಸ್ಟ್ ಆಗ್ತಿದೆ, ಏಳ್ರೀ ಏಳ್ರೀ!'

ಎದ್ದವರು ಮೊದಲು ಹೋಗುವುದು ಮರ್‌ಲಯನ್ ದರ್ಶನಕ್ಕೆ. ತಲೆ ಸಿಂಹದ್ದು, ಬಾಲ ಮೀನಿನದು, ಬಾಯಿಂದ ಸದಾ ನೀರು. ಎದುರಿಗೆ ಅಂಗೈ ಚಾಚಿ, ಆ ನೀರು ತಮ್ಮ ಬೊಗಸೆಗೇ ಬೀಳುವಂತೆ ಫೋಟೊ ಹೊಡೆಸಿಕೊಳ್ಳುವುದು ಇಲ್ಲಿನ ತೀರ್ಥಸೇವನೆ. ನಮ್ಮಲ್ಲಿ ಸ್ಥಳಪುರಾಣಕ್ಕೆ ಋಷಿಮುನಿಗಳು ಬೇಕು. ಸಿಂಗಾಪುರದವರು ಅಷ್ಟು ಕಾಯಲಿಲ್ಲ. ಈ ಪ್ರಾಣಿ 1964ರಲ್ಲಿ ಹುಟ್ಟಿದ್ದೇ ಪ್ರವಾಸೋದ್ಯಮ ಮಂಡಳಿಯ ಲಾಂಛನವಾಗಿ. ಕಲ್ಲುಗಾರೆಯ ಮೂರ್ತಿ ಬಂದದ್ದು 1972ರಲ್ಲಿ. 2002ರಲ್ಲಿ ಈಗಿನ ಜಾಗಕ್ಕೆ ಸ್ಥಳಾಂತರವೂ ಆಯಿತು. ಸರಕಾರಿ ನೌಕರಿ ಅಂದಮೇಲೆ ವರ್ಗಾವಣೆ ತಪ್ಪೀತೆ?

ಭೂಮಧ್ಯರೇಖೆಯಿಂದ ಒಂದು ಡಿಗ್ರಿ ಚಿಲ್ಲರೆ ದೂರದ ಊರು. ಹನ್ನೊಂದಕ್ಕೆಲ್ಲ ಬೆವರು ಬೆನ್ನ ಮೇಲೆ ನಕ್ಷೆ ಬರೆಯುತ್ತದೆ. ಆಗ ಸಂಸಾರ ಎಂಆರ್‌ಟಿ ರೈಲಿನೊಳಕ್ಕೆ ನುಗ್ಗುತ್ತದೆ, ನಾಲ್ಕು ಸೂಟ್‌ಕೇಸುಗಳ ಸಮೇತ. ಲಗೇಜ್ ಕೋಣೆಯಲ್ಲಿ ದುಡ್ಡು ಕೊಟ್ಟು ಇಡಬಹುದಿತ್ತು. ಆದರೆ ಕೊಟ್ಟ ಡಾಲರನ್ನು ಮನಸ್ಸು ತಕ್ಷಣ ರೂಪಾಯಿಗೆ ಗುಣಿಸಿ, 'ಈ ದುಡ್ಡಿಗೆ ಇನ್ನೊಂದು ಸೂಟ್‌ಕೇಸೇ ಬರುತ್ತೆ' ಎಂದು ತೀರ್ಪು ಕೊಟ್ಟಾಗಿದೆ. ಬೋಗಿಯಲ್ಲಿ ಎದುರಿಗೇ ದಂಡದ ಫಲಕ: ತಿಂದರೆ 500 ಡಾಲರ್. ಹಲಸಿನಂಥ ಡ್ಯೂರಿಯನ್ ಹಣ್ಣಿಗೆ ಪ್ರವೇಶವೇ ಇಲ್ಲ. ವ್ಯಾನಿಟಿ ಬ್ಯಾಗಿನೊಳಗಿನ ಬಾಳೆಹಣ್ಣು ಬಿಸಿಲಿಗೆ ಹಣ್ಣಾಗಿ ಪರಿಮಳ ಬೀರತೊಡಗಿದೆ. ಯಜಮಾನತಿ ಬ್ಯಾಗನ್ನು ಎದೆಗವಚಿಕೊಂಡು ಡೋಬಿ ಘಾಟ್ ಸ್ಟೇಷನ್ ಬರುವವರೆಗೂ ಉಸಿರು ಬಿಡುವುದಿಲ್ಲ. ಅಲ್ಲಿ ರೈಲು ಬದಲಿಸಿದರೆ ಮುಂದಿನ ಸ್ಟೇಷನ್ನೇ ಲಿಟಲ್ ಇಂಡಿಯಾ.

ಎಂಟು ದಿನದ ಹಿಂದಷ್ಟೇ ಇಂಡಿಯಾ ಬಿಟ್ಟು ಬಂದವರು ಅದರ ಚಿಕ್ಕ ಪ್ರತಿಯನ್ನು ನೋಡಲು ಓಡುವುದೇಕೆ ಎಂದರೆ, ಸೆರಂಗೂನ್ ರಸ್ತೆಯಲ್ಲಿ ದೋಸೆ ಸಿಗುತ್ತದೆ. ಅಲ್ಲಿನ ಕೋಮಲ ವಿಲಾಸ 1947ರಿಂದ ಇದೆ. ದೋಸೆ ಚೆನ್ನಾಗಿಯೇ ಇರುತ್ತದೆ. ಆದರೂ ಬೆಂಗಳೂರಿಗರು ಅದನ್ನು ತಿನ್ನುತ್ತ ವಿದ್ಯಾರ್ಥಿ ಭವನದ ಗುಣಗಾನ ಮಾಡಲೇಬೇಕೆಂಬ ಕಾನೂನಿದೆ. ಆ ಮೇಲೆ ಮುಸ್ತಫಾ. ಚಿನ್ನದ ಸರದಿಂದ ಹಿಡಿದು ತಲೆನೋವಿನ ಎಣ್ಣೆಯವರೆಗೆ ಒಂದೇ ಸೂರಿನಡಿ ಮಾರುವ ಈ ಅಂಗಡಿಯೊಳಕ್ಕೆ ಹೋದವರಿಗೆ ಹೊರಬರುವ ಬಾಗಿಲು ಹುಡುಕುವುದರಲ್ಲೇ ಎರಡು ಗಂಟೆ ಸಲೀಸಾಗಿ ಕಳೆಯುತ್ತದೆ. ಹೊತ್ತು ಕೊಲ್ಲಲು ಇದಕ್ಕಿಂತ ಒಳ್ಳೆಯ ವಧಾಸ್ಥಾನ ಆಗ್ನೇಯ ಏಷ್ಯಾದಲ್ಲಿಲ್ಲ. ನೂರು ಡಾಲರ್ ದಾಟಿದರೆ ಪ್ರವಾಸಿಗರಿಗೆ ಜಿಎಸ್‌ಟಿ ವಾಪಸ್ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ತೊಂಬತ್ಮೂರು ಡಾಲರಿಗೆ ನಿಂತಿದ್ದ ಬುಟ್ಟಿಗೆ ಇನ್ನೂ ಮೂರು ಡಜನ್ ಚಾಕೊಲೇಟ್ ಬೀಳುತ್ತದೆ. ನೂರಕ್ಕೆ ಒಂಬತ್ತರ ತೆರಿಗೆಯಲ್ಲಿ ಒಂದಿಷ್ಟು ಮರಳಿ ಪಡೆಯಲು ನೂರಕ್ಕೆ ನಲವತ್ತು ಹೆಚ್ಚು ಖರ್ಚು ಮಾಡುವುದು! ಊರಿನಲ್ಲಿ ಕಟ್ಟಿದ ಜಿಎಸ್‌ಟಿಯ ಮುಖವನ್ನು ಮತ್ತೆ ಕಾಣದ ಜನ, ಪಾಪ, ಆವೇಶಕ್ಕೆ ಬಿದ್ದರೆ ತಪ್ಪೆಂದು ಹೇಗೆ ಹೇಳೋಣ.

ಸಂಜೆ ನಾಲ್ಕಕ್ಕೇ ಚಾಂಗಿ ಏರ್‌ಪೋರ್ಟ್. ಇಲ್ಲಿ ಬಿಟ್ಟಿ ಸಿನಿಮಾ ಉಂಟು, ಚಿಟ್ಟೆಗಳ ತೋಟ ಉಂಟು ಎಂದು ಏಜೆಂಟ್ ಹೇಳಿದ್ದು ನಿಜ. ಅವೆಲ್ಲ ಇಮಿಗ್ರೇಷನ್ ದಾಟಿದ ಮೇಲೆ ಎಂಬುದನ್ನು ನುಂಗಿದ್ದೂ ನಿಜ. ಐದೂವರೆ ಗಂಟೆಗಿಂತ ಹೆಚ್ಚು ಕಾಯಬೇಕಾದ ಟ್ರಾನ್ಸಿಟ್ ಪ್ರಯಾಣಿಕರಿಗೆ ಏರ್‌ಪೋರ್ಟಿನವರೇ ಪುಕ್ಕಟೆ ಊರು ತೋರಿಸುತ್ತಾರೆ. ಆ ಭಾಗ್ಯ ಆಕಾಶದಿಂದ ಇಳಿದವರಿಗೆ ಮಾತ್ರ, ನೀರಿನಿಂದ ಎದ್ದವರಿಗಲ್ಲ. ಉಳಿದದ್ದು ಯಾರು ಬೇಕಾದರೂ ಹೊಗಬಹುದಾದ ಜ್ಯೂಯಲ್. 2019ರಲ್ಲಿ ತೆರೆದ ಆ ಗಾಜಿನ ಗುಮ್ಮಟದ ನಡುನೆತ್ತಿಯಿಂದ ನಲವತ್ತು ಮೀಟರ್ ಕೆಳಕ್ಕೆ ನೀರು ಧುಮುಕುತ್ತದೆ. ಜೋಗದ ಎತ್ತರ 253 ಮೀಟರ್ ಎಂದು ಯಜಮಾನರು ಅಲ್ಲಿದ್ದ ಅಪರಿಚಿತ ಜಪಾನಿಗೆ ತಿಳಿಸಿ ನಾಡಸೇವೆ ಮಾಡುತ್ತಾರೆ. ಲಿಂಗನಮಕ್ಕಿಯವರು ನೀರು ಬಿಟ್ಟರೆ ಮಾತ್ರ ಎಂಬ ಅಡಿಟಿಪ್ಪಣಿಯನ್ನು ಹೊರದೇಶದಲ್ಲಿ ಹೇಳಬಾರದು.

ಕೊನೆಗೂ ಕೌಂಟರ್ ತೆರೆಯಿತು. ತಕ್ಕಡಿಯ ಮೇಲೆ ಸೂಟ್‌ಕೇಸ್ ಇಟ್ಟರೆ ನಾಲ್ಕು ಕಿಲೊ ಹೆಚ್ಚು. ನೆಲದ ಮೇಲೆ ನಡುದಾರಿಯಲ್ಲೇ ಬಾಯಿ ತೆರೆದ ಪೆಟ್ಟಿಗೆಯಿಂದ ಒಂದೊಂದೇ ಹೊರಬರುತ್ತದೆ: ಚಾಕೊಲೇಟು, ಎಣ್ಣೆ ಸೀಸೆ, ಹಡಗಿನ ಹೆಸರು ನೇಯ್ದ ಟವೆಲ್. ಯಜಮಾನರು ಬರ್ಮುಡಾದ ಮೇಲೆ ಪ್ಯಾಂಟು ಏರಿಸಿ, ಅದರ ಮೇಲೆ ಇನ್ನೊಂದು ಪ್ಯಾಂಟು ಏರಿಸಿ, ಎರಡು ಜರ್ಕಿನ್ ತೊಟ್ಟು, ನಾಲ್ಕೂ ಜೇಬಿಗೆ ಚಾಕೊಲೇಟ್ ತುಂಬಿಕೊಂಡು ಮತ್ತೆ ಕೌಂಟರಿನ ಮುಂದೆ ನಿಂತರು. ಹುಡುಗಿ ಮುಗುಳ್ನಕ್ಕು ಹೇಳಿದಳು: 'ಇನ್ನೂ ಎರಡು ಕಿಲೊ ಇದೆ, ಸರ್.'