ಪೇಢೆಯ ಊರಲ್ಲಿ ಮೊಡವೆಯ ಗುಳಿಗೆ

ಹುಬ್ಬಳ್ಳಿ-ಧಾರವಾಡದಲ್ಲಿ ಒಬ್ಬರ ಮುಖದ ಮೇಲೆ ಎದ್ದ ಮೊಡವೆ ಅವರೊಬ್ಬರದೇ ಆಗಿ ಉಳಿಯುವುದಿಲ್ಲ. ಜ್ವರವಾದರೆ ಹಣೆ ಮುಟ್ಟಿ ನೋಡಬೇಕು, ಸಕ್ಕರೆ ಕಾಯಿಲೆಯಾದರೆ ಬೆರಳು ಚುಚ್ಚಿಸಿಕೊಂಡು ಬರಬೇಕು. ಮೊಡವೆಗೆ ಆ ತಾಪತ್ರಯವಿಲ್ಲ. ಎದುರಿಗೆ ಬಂದವರಿಗೆಲ್ಲ ಕಾಣುತ್ತದೆ. ಕಂಡವರೆಲ್ಲ ಆ ಗಳಿಗೆಯಿಂದ ವೈದ್ಯರು.

ನನ್ನ ತಂಗಿಯ ಮಗ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಓದಲೆಂದು ಧಾರವಾಡದ ನಮ್ಮ ಮನೆಗೆ ಬಂದಾಗ ಎರಡು ಬ್ಯಾಗು, ಒಂದು ಲ್ಯಾಪ್‌ಟಾಪು, ಮುಖದ ತುಂಬ ಮೊಡವೆ ತಂದಿದ್ದ. ದಿನಾ ಚಿಗರಿ ಬಸ್ಸಿನ ಓಡಾಟ. ಈ ಎಸಿ ಬಸ್ಸುಗಳು ಬಂದ ಮೇಲೆ ಕಿಟಕಿ ತೆರೆದು ಗಾಳಿಗೆ ಮುಖವೊಡ್ಡುವ ಸುಖ ಹೋಯಿತು. ಜನ ಈಗ ಒಬ್ಬರ ಮುಖ ಒಬ್ಬರು ನೋಡುತ್ತ ಕೂಡುತ್ತಾರೆ. ಟೋಲ್ ನಾಕಾದಲ್ಲಿ ಹತ್ತಿದ ಹಿರಿಯರೊಬ್ಬರು, "ಏನೋ ತಮ್ಮಾ, ಶೇಂಗಾ ಭಾಳ ತಿಂತೀ ಏನ?" ಎಂದು ಶುರು ಮಾಡಿದರೆ, ಸತ್ತೂರು ದಾಟುವುದರೊಳಗೆ ಹಿಂದಿನ ಸೀಟಿನ ಅಕ್ಕ ಕಡ್ಲಿಹಿಟ್ಟು, ಅರಿಶಿಣ ಕಲಸುವ ಪ್ರಮಾಣ ಹೇಳಿಯಾಗಿರುತ್ತದೆ. ನವನಗರದಲ್ಲಿ ಹತ್ತಿದವರದು ಲೋಳೆಸರದ ಪಕ್ಷ. ಉಣಕಲ್ ಹೊತ್ತಿಗೆ ಯಾರೋ ಟೂತ್‌ಪೇಸ್ಟ್ ಹಚ್ಚಲು ಹೇಳಿ, ಇನ್ಯಾರೋ ಅದನ್ನು ಖಂಡಿಸಿ, ಹುಡುಗ ವಿದ್ಯಾನಗರದಲ್ಲಿ ಇಳಿದುಹೋದರೂ ಚರ್ಚೆ ಮಾತ್ರ ಬಸ್ಸಿನಲ್ಲೇ ಮುಂದುವರಿಯುತ್ತದೆ. ನಮ್ಮ ಕಡೆಯ ಜನರ ಅಂತಃಕರಣ ದೊಡ್ಡದು. ತುಸು ಸಣ್ಣದಿದ್ದರೂ ನಡೆಯುತ್ತಿತ್ತು.

ಶೇಂಗಾದ ಮೇಲಿನ ಆರೋಪವನ್ನು ಸ್ವಲ್ಪ ವಿಚಾರಿಸಬೇಕು. ನಮ್ಮ ಊಟದಿಂದ ಶೇಂಗಾ ತೆಗೆದರೆ ಏನು ಉಳಿಯುತ್ತದೆ? ರೊಟ್ಟಿಗೆ ಶೇಂಗಾ ಚಟ್ನಿ, ಎಣಗಾಯಿಯ ಹೊಟ್ಟೆಯಲ್ಲಿ ಶೇಂಗಾ ಪುಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ, ಒಗ್ಗರಣೆಗೆ ಶೇಂಗಾ ಎಣ್ಣೆ. ತೆಗೆದರೆ ತಾಟು ಉಳಿಯುತ್ತದೆ. ಆದರೆ ಚರ್ಮವಿಜ್ಞಾನದವರು ಆಹಾರ ಮತ್ತು ಮೊಡವೆಯ ಸಂಬಂಧವನ್ನು ಹುಡುಕುತ್ತ ಹೋದಾಗ ಅವರ ಅನುಮಾನ ಎಣ್ಣೆಗಿಂತ ಹೆಚ್ಚಾಗಿ ಎರಡು ವಸ್ತುಗಳ ಕಡೆ ವಾಲಿತು: ರಕ್ತಕ್ಕೆ ಬೇಗ ಏರುವ ಸಕ್ಕರೆ, ಮತ್ತು ಹಾಲು. ತೀರ್ಪು ಇನ್ನೂ ಬಂದಿಲ್ಲ, ಅನುಮಾನ ಮಾತ್ರ. ಆದರೆ ಹಾಲನ್ನೂ ಸಕ್ಕರೆಯನ್ನೂ ಕೂಡಿಸಿ ಕೆಂಪಗೆ ಕಾಯಿಸಿದರೆ ಆಗುವ ಪದಾರ್ಥಕ್ಕೆ ಧಾರವಾಡದಲ್ಲಿ ಒಂದು ಹೆಸರಿದೆ, ಜಿಐ ಮಾನ್ಯತೆಯೂ ಇದೆ. ಇಷ್ಟು ವರ್ಷ ಈ ಊರಲ್ಲಿದ್ದೇನೆ. ಮೊಡವೆಯಾದ ಹುಡುಗನಿಗೆ ಪೇಢೆ ಬಿಡು ಎಂದವರನ್ನು ಒಬ್ಬರನ್ನೂ ನೋಡಿಲ್ಲ. ಶೇಂಗಾ ಬಡವರ ಕಾಳು, ಸಾಕ್ಷಿ ಹೇಳುವವರಿಲ್ಲ.

ಮನೆಯಲ್ಲಿ ಅವ್ವನ ಸಿದ್ಧಾಂತ ಬೇರೆ. "ಹರೇದ ಗುಳ್ಳಿ ಅವು. ಲಗ್ನ ಆದಮ್ಯಾಲ ತಾವ ಹೋಗ್ತಾವ." ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಎರಡನೇ ಸೆಮಿಸ್ಟರಿನಾಗ ಲಗ್ನ ಮಾಡೂಣೇನ್ರಿ ಅತ್ತೀ?" ಎಂದಳು. ಅವ್ವ ಸುಮ್ಮನಾದಳು. ಪೂರ್ತಿ ಸುಮ್ಮನಾದಂತೆ ಕಾಣಲಿಲ್ಲ, ಮನಸ್ಸಿನಲ್ಲೇ ನಾಲ್ಕು ಮನೆ ತಿರುಗಿ ಬಂದಂತಿತ್ತು.

ಅವ್ವನ ಮಾತಿನ ಮೊದಲರ್ಧ ಹಳೆಯ ಶಾಸ್ತ್ರದ ಮಾತೇ. ಸುಶ್ರುತ ಸಂಹಿತೆಯಲ್ಲಿ ಇದಕ್ಕೆ ಮುಖದೂಷಿಕಾ ಎಂಬ ಹೆಸರಿದೆ. ಯೌವನದಲ್ಲಿ ಮುಖದ ಮೇಲೆ ಬೂರುಗದ ಮುಳ್ಳಿನ ಹಾಗೆ ಏಳುವ ಗುಳ್ಳೆಗಳು ಎಂಬ ವರ್ಣನೆಯಿದೆ. ಬೂರುಗದ ಎಳೆಯ ಮರದ ಕಾಂಡವನ್ನು ಕಂಡವರಿಗೆ ಈ ವೈದ್ಯ ಎಂಥ ಕಣ್ಣುಳ್ಳವನೆಂದು ತಿಳಿಯುತ್ತದೆ: ಬುಡ ದಪ್ಪ, ತುದಿ ಚೂಪು, ಒತ್ತೊತ್ತಾಗಿ. ಆದರೆ ಅವನು ಇದನ್ನು ಸೇರಿಸಿದ್ದು ಕ್ಷುದ್ರರೋಗಗಳ ಪಟ್ಟಿಗೆ. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, ಬಸ್ಸು ತಪ್ಪಿದರೂ ಕದಲದ ಹದಿನೆಂಟರ ಹುಡುಗನಿಗೆ ಕ್ಷುದ್ರ ಎಂಬ ಮಾತು ಒಪ್ಪಿಗೆಯಾಗುವಂಥದಲ್ಲ.

ಕಡೆಗೆ ಹುಬ್ಬಳ್ಳಿಯ ಚರ್ಮದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ನಮ್ಮ ಕಡೆಯವರೇ. ಹುಡುಗನ ಮುಖಕ್ಕೆ ಬೆಳಕು ಹಿಡಿದು ನೋಡಿ, ನನಗೂ ತಿಳಿಯುವ ಹಾಗೆ ಹೇಳಿದರು. ಹರೆಯದ ಹಾರ್ಮೋನಿನಿಂದ ಚರ್ಮದೊಳಗಿನ ಜಿಡ್ಡಿನ ಗ್ರಂಥಿಗಳು ಚುರುಕಾಗುತ್ತವೆ. ಕೂದಲ ಬುಡದ ರಂಧ್ರ ಸತ್ತ ಜೀವಕೋಶಗಳಿಂದ ಕಟ್ಟಿಕೊಳ್ಳುತ್ತದೆ. ಒಳಗೆ ನಿಂತ ಜಿಡ್ಡಿನಲ್ಲಿ ಒಂದು ಸೂಕ್ಷ್ಮಾಣು ಸೊಂಪಾಗಿ ಬೆಳೆಯುತ್ತದೆ, ಅದರ ಮೇಲೆ ದೇಹ ಸಿಟ್ಟಾಗಿ ಉರಿಯೂತ ಏಳುತ್ತದೆ. ಈ ಸೂಕ್ಷ್ಮಾಣು ಹೊರಗಿನಿಂದ ಬಂದದ್ದೂ ಅಲ್ಲ. ನಿಮ್ಮ, ನನ್ನ, ಎಲ್ಲರ ಚರ್ಮದಲ್ಲೂ ತಲೆತಲಾಂತರದಿಂದ ಮನೆ ಮಾಡಿಕೊಂಡಿರುವಂಥದು. ಮೊದಲು ಅದಕ್ಕೆ ಪ್ರೊಪಿಯೊನಿಬ್ಯಾಕ್ಟೀರಿಯಂ ಆಕ್ನಿಸ್ ಎನ್ನುತ್ತಿದ್ದರಂತೆ, 2016ರಲ್ಲಿ ಕ್ಯೂಟಿಬ್ಯಾಕ್ಟೀರಿಯಂ ಎಂದು ಬದಲಾಯಿಸಿದರು. 2014ರ ನವೆಂಬರ್ 1ರಂದು ಸರ್ಕಾರಿ ಕಾಗದಗಳಲ್ಲಿ ಹುಬ್ಲಿ ಹೋಗಿ ಹುಬ್ಬಳ್ಳಿಯಾದದ್ದನ್ನು ನೋಡಿದವನು ನಾನು. ಹೆಸರು ಬದಲಾದ ಮಾತ್ರಕ್ಕೆ ಒಳಗಿನ ನಿವಾಸಿಗಳ ನಡವಳಿಕೆ ಬದಲಾಗುವುದಿಲ್ಲವೆಂದು ನನಗೆ ಗೊತ್ತು.

ಚೀಟಿಯಲ್ಲಿ ಬರೆದದ್ದು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಗುಳಿಗೆ, 100 ಮಿಲಿಗ್ರಾಂ, ದಿನಕ್ಕೊಂದು. ಜೊತೆಗೆ ರಾತ್ರಿ ಹಚ್ಚಲು ಬೆಂಜಾಯ್ಲ್ ಪೆರಾಕ್ಸೈಡ್ ಮತ್ತು ಅಡಾಪಲೀನ್ ಇರುವ ಕ್ರೀಮು. "ಆರು ವಾರ ತನಕ ಏನೂ ಫರಕ್ ಕಾಣಂಗಿಲ್ಲ, ಗಾಬರಿ ಆಗಬ್ಯಾಡ್ರಿ. ಮೂರು ತಿಂಗಳಿಗೆ ಗುಳಿಗಿ ಬಂದ್. ಕ್ರೀಮು ಮುಂದ ನಡೀತೈತಿ." ಆಮೇಲೆ ಮೂರು ನಿಯಮ. ಗುಳಿಗೆಯ ಹೊತ್ತಿಗೆ ಹಾಲು, ಮೊಸರು, ಕಬ್ಬಿಣದ ಗುಳಿಗೆ, ಆಸಿಡಿಟಿಯ ಔಷಧ ಇವ್ಯಾವುವೂ ಬೇಡ, ಎರಡು ತಾಸು ಅಂತರ ಇರಲಿ. ತುಂಬಿದ ಗ್ಲಾಸ್ ನೀರಿನ ಜೊತೆ ನುಂಗಿ ಅರ್ಧ ತಾಸಾದರೂ ಅಡ್ಡಾಗಬಾರದು. ಬಿಸಿಲಿಗೆ ಮುಖ ಕೊಡಬಾರದು.

ಈ ಮೂರನ್ನೂ ಓದಿ ನೋಡಿ. ಧಾರವಾಡದಲ್ಲಿ ಯಾರೂ ಬದುಕಬಾರದು ಎಂದು ಯಾರೋ ಕೂತು ಯೋಚಿಸಿ ಬರೆದಂತಿಲ್ಲವೆ?

ಹಾಲಿನದು ಹೀಗೆ: ಅದರಲ್ಲಿರುವ ಕ್ಯಾಲ್ಸಿಯಂ ಈ ಔಷಧವನ್ನು ಹೊಟ್ಟೆಯಲ್ಲೇ ಹಿಡಿದುಹಾಕುತ್ತದೆ, ರಕ್ತಕ್ಕೆ ಸೇರಗೊಡುವುದಿಲ್ಲ. ಹಳೆಯ ಟೆಟ್ರಾಸೈಕ್ಲಿನ್ ಅಂತೂ ಹಾಲು ಕಂಡರೆ ಅರ್ಧ ಶಕ್ತಿಯನ್ನೇ ಕಳೆದುಕೊಳ್ಳುತ್ತಿತ್ತು. 1967ರಲ್ಲಿ ಬಳಕೆಗೆ ಬಂದ ಅದರ ತಮ್ಮ ಡಾಕ್ಸಿಸೈಕ್ಲಿನ್ ಅಷ್ಟು ಮೃದುವಲ್ಲ, ಆದರೂ ಜಾಗ್ರತೆ ಬೇಕು. ಇದನ್ನು ಕೇಳಿ ಅವ್ವ ಕಂಗಾಲಾದಳು. ಎಮ್ಮೆಯ ಗಟ್ಟಿ ಮೊಸರಿಲ್ಲದೆ ಹುಡುಗ ಹೇಗೆ ಬೆಳೆದಾನು? ಹಾಲು ಬಿಡಬೇಕಿಲ್ಲ, ಹೊತ್ತು ತಪ್ಪಿಸಿದರೆ ಸಾಕು ಎಂದು ತಿಳಿಹೇಳಿದ ಮೇಲೆ ಅವಳು ಗಡಿಯಾರ ನೋಡುವುದನ್ನು ಒಂದು ವ್ರತದಂತೆ ಹಿಡಿದಳು. ಗುಳಿಗೆಯ ಎರಡು ತಾಸು ಮುಗಿದ ಕ್ಷಣಕ್ಕೆ ಸರಿಯಾಗಿ ಹಾಲಿನ ವಾಟಗ ಹುಡುಗನ ಮುಂದೆ.

ಅಡ್ಡಾಗುವುದರ ವಿಷಯ ಇನ್ನೂ ಗಂಭೀರ. ಈ ಗುಳಿಗೆ ಅನ್ನನಾಳದಲ್ಲಿ ಅಂಟಿ ಕುಳಿತರೆ ಅಲ್ಲೇ ಕರಗಿ ಹುಣ್ಣು ಮಾಡುತ್ತದೆ. ಮಾರನೆಯ ದಿನ ಉಗುಳು ನುಂಗಿದರೂ ಎದೆಯಲ್ಲಿ ಉರಿ. ವಾರದ ದಿನಗಳಲ್ಲಿ ಚಿಂತೆಯಿಲ್ಲ, ಉಪ್ಪಿಟ್ಟು ತಿಂದು ಗುಳಿಗೆ ನುಂಗಿ ಬಸ್ಸಿಗೆ ನಿಲ್ಲುತ್ತಾನೆ. ಚಿಗರಿಯಲ್ಲಿ ಅಡ್ಡಾಗಲು ಜಾಗವೇ ಇರುವುದಿಲ್ಲ. ಭಾನುವಾರದ್ದೇ ಕಷ್ಟ. ಹನ್ನೊಂದಕ್ಕೆ ಏಳುವ ಹುಡುಗ ತಿಂಡಿ ಊಟ ಎರಡನ್ನೂ ಕೂಡಿಸಿ ಮುಗಿಸಿ ಗುಳಿಗೆ ನುಂಗಿ, ಧಾರವಾಡದ ಗಾಳಿಗೆ ಸಹಜವಾದ ನಿದ್ದೆಯನ್ನು ತಡೆಯುತ್ತ ಜೋಕಾಲಿಯ ಮೇಲೆ ಕೂತಿರುತ್ತಾನೆ. ಎದುರಿಗೆ ನಾನು ಚಾಪೆಯ ಮೇಲೆ ಕಾಲು ಚಾಚಿರುತ್ತೇನೆ. "ಮಾಮಾ, ನೀವು ಬ್ಯಾರೆ ಖೋಲಿಗೆ ಹೋಗಿ ಮಕ್ಕೋರಿ" ಎಂದು ಒಮ್ಮೆ ಕೈಮುಗಿದ.

ಬಿಸಿಲು? ಹೋಳಿಯ ಬಣ್ಣಕ್ಕೆ ಹುಬ್ಬಳ್ಳಿ ರಂಗಪಂಚಮಿಯ ತನಕ ಕಾಯುತ್ತದೆ, ಅಷ್ಟು ಹೊತ್ತಿಗೆ ಬಿಸಿಲೂ ಕಾದಿರುತ್ತದೆ. ಗೆಳೆಯರೆಲ್ಲ ಬೀದಿಯಲ್ಲಿ ಬಣ್ಣದಲ್ಲಿ ಮುಳುಗಿದ್ದಾಗ ಇವನು ಟೋಪಿ, ಸನ್‌ಸ್ಕ್ರೀನ್ ಸಮೇತ ಮಾಳಿಗೆಯ ನೆರಳಲ್ಲಿ. ಇನ್ನು ಆ ಕ್ರೀಮು: ಅದು ಬಟ್ಟೆಯ ಬಣ್ಣ ತಿನ್ನುತ್ತದೆಂದು ಡಾಕ್ಟರು ಹೇಳಿದ್ದರು. ಹೆಂಡತಿಯ ತವರಿನ ಕೆಂಪು ಟಾವೆಲ್ ಮೇಲೆ ಮೂಗು, ಗಲ್ಲ, ಗದ್ದದ ಬಿಳಿ ನಕಾಶೆ ಮೂಡಿದ ದಿನ ಅವಳಿಗೂ ಅದು ನೆನಪಾಯಿತು. ಅಂದಿನಿಂದ ಹುಡುಗನಿಗೆ ಬಿಳಿ ಟಾವೆಲ್, ಬಿಳಿ ದಿಂಬಿನ ಚೀಲ.

ಈ ಗುಳಿಗೆಯ ಮನೆತನದ ಹುಟ್ಟು ಮಾತ್ರ ಧಾರವಾಡಕ್ಕೆ ಒಪ್ಪುವಂಥದು. 1945ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಬೆಂಜಮಿನ್ ಡಗ್ಗರ್ ಎಂಬ ಸಸ್ಯಶಾಸ್ತ್ರಜ್ಞ ಊರೂರಿನ ಮಣ್ಣು ತರಿಸಿ ಪರೀಕ್ಷಿಸುತ್ತಿದ್ದ. ವಿಶ್ವವಿದ್ಯಾಲಯದಿಂದ ನಿವೃತ್ತನಾಗಿ, ಎಪ್ಪತ್ತು ದಾಟಿ, ಮತ್ತೆ ಕೆಲಸಕ್ಕೆ ಸೇರಿದ ಮನುಷ್ಯ. ನಾವು ನಿವೃತ್ತರು ಛೋಟಾ ಮಹಾಬಳೇಶ್ವರದ ಗುಡ್ಡದಲ್ಲಿ ವಾಕಿಂಗ್ ಮುಗಿಸಿ ತುಟ್ಟಿಭತ್ಯೆಯ ಲೆಕ್ಕ ಹಾಕುವ ವಯಸ್ಸಿನಲ್ಲಿ ಅವನು ಮಿಸೌರಿಯ ಹೊಲವೊಂದರ ಮಣ್ಣಿನಲ್ಲಿ ಸ್ಟ್ರೆಪ್ಟೊಮೈಸಿಸ್ ಕುಲದ, ಬಂಗಾರದ ಬಣ್ಣದ ಸೂಕ್ಷ್ಮಜೀವಿಯನ್ನು ಕಂಡ. ಅದರಿಂದ ಬಂದ ಆರಿಯೋಮೈಸಿನ್ 1948ರಲ್ಲಿ ಲೋಕಕ್ಕೆ ಪರಿಚಯವಾಯಿತು. ಟೆಟ್ರಾಸೈಕ್ಲಿನ್ ಮನೆತನದ ಹಿರಿಯಣ್ಣ ಅದು. ಆ ಪ್ರಯೋಗಾಲಯದ ಸಂಶೋಧನೆಯನ್ನು ಆಗ ನಡೆಸುತ್ತಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಇನ್ನೊಂದು ಮಾತು: ಮೊದಲ ಮಳೆಗೆ ನೆಲದಿಂದ ಏಳುವ ವಾಸನೆಯಿದೆಯಲ್ಲ, ನಮ್ಮ ಊರಿನ ಕವಿಗಳನ್ನು ಹುಚ್ಚು ಹಿಡಿಸಿದ್ದು, ಅದನ್ನು ಹೊಮ್ಮಿಸುವುದೂ ಇದೇ ಸ್ಟ್ರೆಪ್ಟೊಮೈಸಿಸ್ ಕುಲದ ಜೀವಿಗಳು. ಮಳೆಗಾಲಕ್ಕೆ ಕವಿತೆ, ಮೊಡವೆಗೆ ಗುಳಿಗೆ: ಎರಡಕ್ಕೂ ಮಣ್ಣೇ ಮೂಲ. ಇದನ್ನು ಹುಡುಗನಿಗೆ ಉತ್ಸಾಹದಿಂದ ಹೇಳಿದೆ. ಅವನು ಮೊಬೈಲಿನ ಕ್ಯಾಮೆರಾದಲ್ಲಿ ಗದ್ದ ನೋಡಿಕೊಳ್ಳುತ್ತಿದ್ದ.

ಎರಡನೇ ತಿಂಗಳು ಮುಗಿಯುವ ಹೊತ್ತಿಗೆ ಮುಖ ಇಳಿಯಿತು. ಪೂರ್ತಿ ಅಲ್ಲ, ಆದರೆ ಬಸ್ಸಿನ ವೈದ್ಯರು ಬೇರೆ ರೋಗಿಗಳನ್ನು ಹುಡುಕಿಕೊಳ್ಳುವಷ್ಟು. ಆಗ ಶುರುವಾಯಿತು ಹೊಸ ತಾಪತ್ರಯ. ಬೀದಿಯ ಇನ್ನೊಬ್ಬರು ಮಗನ ಸಲುವಾಗಿ ಬಂದರು: "ಅದೇನೋ ಗುಳಿಗಿ ಐತೆಂತಲ್ರಿ, ಒಂದ ಸ್ಟ್ರಿಪ್ ಕೊಡ್ರಿ, ನಮ್ಮವನೂ ತಗೊಂಡ ನೋಡ್ತಾನ." ಸಕ್ಕರೆ ಕೇಳಿದಷ್ಟೇ ಸಲೀಸಾಗಿ. ಡಾಕ್ಟರನ್ನು ಕಾಣಲು ಹೇಳಿದೆ. "ಅದಕ್ಕ್ಯಾಕ ಡಾಕ್ಟರು, ಕೊರೊನಾದಾಗ ಅಜಿತ್ರೋಮೈಸಿನ್ ತಗೊಂಡಿದ್ದು ಇನ್ನೂ ಉಳದೈತಿ, ಅದನ್ನರೆ ಕೊಡಲೇನು?" ಅವರ ಮನೆಯಲ್ಲಿ ಉಳಿದದ್ದು ಸುಳ್ಳಲ್ಲ. ಆ ವರ್ಷಗಳಲ್ಲಿ ನಮ್ಮ ಊರುಗಳಲ್ಲಿ ಆ ಗುಳಿಗೆಯನ್ನು ಜನ ಪುಟಾಣಿಯಂತೆ ತಿಂದರು. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿಯಿಲ್ಲದೆ ಮುಟ್ಟಬೇಡಿ ಎಂದು ಕೇಂದ್ರ ಸರ್ಕಾರ 2016ರಲ್ಲೇ ಸಾರಿದೆ. ಗೆರೆ ಇನ್ನೂ ಅಲ್ಲೇ ಇದೆ, ಕೆಂಪಗೇ ಇದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದು. ಮೂರೇ ದಿನದಲ್ಲಿ ಮಾರಿ ಫಳಫಳ ಎಂದು ಕೈಗೆ ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮುಗಳು. ಮೊದಲು ಹೊಳಪು, ಆಮೇಲೆ ಚರ್ಮ ತೆಳ್ಳಗೆ, ಮುಖ ಕೆಂಪು, ಬಿಟ್ಟ ಕೂಡಲೇ ಮೊದಲಿಗಿಂತ ಜಾಸ್ತಿ ಮೊಡವೆ. 2018ರಲ್ಲಿ ಇವನ್ನೂ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿದರು. ಅದರ ಬಗ್ಗೆ ಬರೆದರೆ ನನ್ನ ಲಲಿತ ಪ್ರಬಂಧ ಲಲಿತವಾಗಿ ಉಳಿಯುವುದಿಲ್ಲ, ಬಿಡುತ್ತೇನೆ.

ಮೂರು ತಿಂಗಳಾದ ಮೇಲೆ ಡಾಕ್ಟರು ಹೇಳಿದಂತೆ ಗುಳಿಗೆ ನಿಲ್ಲಿಸಿದರು. ಮನೆಯಲ್ಲಿ ಪ್ರತಿಭಟನೆ. ಅವ್ವನಿಗೆ ಗದ್ದದ ಮೇಲೆ ಉಳಿದ ಎರಡರ ಚಿಂತೆ. ಹುಡುಗನಿಗೆ ಹೋದವೆಲ್ಲ ಮರಳಿ ಬಂದಾವೆಂಬ ಭಯ. ಡಾಕ್ಟರು ನಕ್ಕು ಹೇಳಿದರು: "ನೋಡ್ರಿ ಸರ್, ಮೊಡವಿ ಇವನವು ಖರೆ, ಆದರ ಗುಳಿಗಿ ಊರ ಮಂದೀದು. ಬಾಯಾಗ ಹಾಕಿದ ಗುಳಿಗಿ ಮಾರಿಗಷ್ಟ ಹೋಗಂಗಿಲ್ಲ. ಗಂಟಲಾಗಿನ ಕ್ರಿಮಿ, ಕರುಳಾಗಿನ ಕ್ರಿಮಿ ಎಲ್ಲಾವಕ್ಕೂ ಅದರ ಪರಿಚಯ ಆಗ್ತೈತಿ. ತಿಂಗಳಗಟ್ಟಲೆ ತಿಂದ್ರ ಬದುಕಿ ಉಳದ ಕ್ರಿಮಿ ಔಷಧಕ್ಕ ಬಗ್ಗದಂಗ ಆಗಿ ಮನಿಮಂದಿಗೂ ದಾಟ್ತಾವ." ಬೆಂಜಾಯ್ಲ್ ಪೆರಾಕ್ಸೈಡ್ ಜೊತೆಗೆ ಕೊಟ್ಟದ್ದೂ ಅದಕ್ಕೇ, ಅದು ಕ್ರಿಮಿಯನ್ನು ಆಮ್ಲಜನಕದಿಂದ ಸುಡುತ್ತದೆ, ಅದಕ್ಕೆ ಹೊಂದಿಕೊಳ್ಳಲು ಕ್ರಿಮಿಗೆ ದಾರಿ ಸಿಕ್ಕಿಲ್ಲ. ಇದೇ ಡಾಕ್ಸಿಸೈಕ್ಲಿನ್ ಇಲಿಜ್ವರಕ್ಕೂ ಬೇಕು, ಹೊಲ ಗುಡ್ಡಗಳಲ್ಲಿ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ಗೂ ಬೇಕು, ಕಾಲರಾಕ್ಕೂ ಬೇಕು. ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಮೊಡವೆಯಂಥದಕ್ಕೆ ಇದನ್ನು ಕೊಡುವಂತಿಲ್ಲ. ಚಿಕ್ಕಂದಿನಲ್ಲಿ ಟೆಟ್ರಾಸೈಕ್ಲಿನ್ ಕುಡಿದ ನನ್ನ ಓರಗೆಯ ಕೆಲವರ ಹಲ್ಲುಗಳಲ್ಲಿ ಆ ಕಂದು ಪಟ್ಟಿ ಇಂದಿಗೂ ಇದೆ.

ಗುಳಿಗೆ ಯಾವಾಗ ಶುರು ಮಾಡಬೇಕೆಂದು ಹೇಳುವವರು ಟೋಲ್ ನಾಕಾದಿಂದ ವಿದ್ಯಾನಗರದ ತನಕ ಸಿಗುತ್ತಾರೆ. ಯಾವಾಗ ಬಿಡಬೇಕೆಂದು ಹೇಳಿದವರು ಆ ಡಾಕ್ಟರೊಬ್ಬರೇ. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಕಪಾಟಿನಲ್ಲಿ ಕೆಂಪು ಗೆರೆಯ ಅರ್ಧ ಸ್ಟ್ರಿಪ್ ಉಳಿದಿದ್ದರೆ ದಯವಿಟ್ಟು ಅದನ್ನು ಪಕ್ಕದ ಮನೆಯ ಹುಡುಗನಿಗೆ ಕೊಡಬೇಡಿ. ಕೊಡಲೇಬೇಕೆಂಬ ಔದಾರ್ಯ ಉಕ್ಕಿದರೆ ಪೇಢೆ ಕೊಡಿ. ಅವನು ಗುಳಿಗೆ ನುಂಗಿ ಎರಡು ತಾಸಾದ ಮೇಲೆ.