ಹತ್ತುವವರು ನೀವು, ಕೂಲಿ ಅವರಿಗಾ?

ಗುಂಡ್ಯದವರಿಗೆ ಏರು ಹೊಸತಲ್ಲ. ಹೆದ್ದಾರಿಯಲ್ಲಿ ನೇರ ಹೋದರೆ ಶಿರಾಡಿ ಘಾಟಿ, ಬಲಕ್ಕೆ ತಿರುಗಿದರೆ ಸುಬ್ರಹ್ಮಣ್ಯ, ಅದರ ನೆತ್ತಿಯ ಮೇಲೆ ಕುಮಾರಪರ್ವತ. ಹಾಗಾಗಿ ನೇಪಾಳದ ಮೇರಾ ಪೀಕ್ ಹತ್ತುತ್ತೇನೆ ಎಂದು ನಾನು ಜಗಲಿಯಲ್ಲಿ ಘೋಷಿಸಿದಾಗ ಮನೆಯಲ್ಲಿ ಯಾರೂ ಬೆಚ್ಚಲಿಲ್ಲ. ಕುಮಾರಪರ್ವತ 1712 ಮೀಟರ್, ಮೇರಾ 6476. ಮೂರು ಕುಮಾರಪರ್ವತ ಒಂದರ ಮೇಲೊಂದು ಪೇರಿಸಿದರೂ ಇನ್ನು 1340 ಮೀಟರ್ ಬಾಕಿ ಎಂದು ಲೆಕ್ಕ ಹೇಳಿದೆ. "ಬಾಕಿ ಇಡುವುದು ನಿಮಗೆ ಅಭ್ಯಾಸವೇ ಅಲ್ವಾ?" ಎಂದಳು ಹೆಂಡತಿ.

ಕಾಠ್ಮಂಡುವಿನ ಚಾರಣ ಕಂಪನಿಯವರು ದಿನವಹಿ ಪಟ್ಟಿ ಕಳಿಸಿದರು. ಮೂರು ಸಾವಿರ ಮೀಟರ್ ದಾಟಿದ ಮೇಲೆ, ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಮೂರು-ನಾಲ್ಕು ದಿನಕ್ಕೊಮ್ಮೆ ಅಲ್ಲೇ ತಂಗಿ ದೇಹವನ್ನು ಒಗ್ಗಿಸಿಕೊಳ್ಳಬೇಕು, ಯಾಕೆಂದರೆ 5500 ಮೀಟರಿನಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧ ಮಾತ್ರ. ಹೆಂಡತಿ ಪಟ್ಟಿಯನ್ನು ಎರಡು ಸಲ ಓದಿದಳು. "ಅಷ್ಟು ದುಡ್ಡು ಕೊಟ್ಟು ಅಲ್ಲಿ ಹೋಗಿ ಕೂರುದೆಂತಕ್ಕೆ? ಇಲ್ಲಿ ಕೂತಲ್ಲಿಗೆ ಚಾ ಬರ್ತದಲ್ಲ."

ಕೊನೆಯಲ್ಲಿ ಎರಡು ದಿನ ಖಾಲಿ ಬಿಟ್ಟಿದ್ದರು. ಮೋಡ ಕವಿದರೆ ವಾಪಸು ಬರುವ ವಿಮಾನ ಲುಕ್ಲಾದಿಂದ ಹಾರುವುದಿಲ್ಲವಂತೆ. ಇದನ್ನು ಮಾತ್ರ ಯಾರೂ ನಮಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. 2018ರಲ್ಲಿ ಕಾಂಕ್ರೀಟಿಗೆಂದು ತಿಂಗಳುಗಟ್ಟಲೆ ಮುಚ್ಚಿದ್ದ ಘಾಟಿ, ಜುಲೈಯಲ್ಲಿ ತೆರೆದು, ಆಗಸ್ಟಿನಲ್ಲಿ ಗುಡ್ಡ ಜರಿದು ಪುನಃ ಮುಚ್ಚಿತು. ಮಳೆಗಾಲದಲ್ಲಿ ಬೆಂಗಳೂರಿಗೆ ಮದುವೆಗೆ ಹೊರಡುವ ನಮ್ಮೂರಿನವರು ಒಂದು ದಿನ ಕೈಯಲ್ಲಿ ಇಟ್ಟುಕೊಂಡೇ ಹೊರಡುವುದು.

ನಿಜವಾದ ವಿಚಾರಣೆ ನಡೆದದ್ದು ನಮ್ಮ ಅಡಿಕೆ ಕೊಯ್ಯುವವನ ಮುಂದೆ. ಬೆಂಗಳೂರಿನ ಅಳಿಯ ಕೊಟ್ಟ ಕ್ರ್ಯಾಂಪಾನನ್ನು ಅವನು ಅಂಗೈಯಲ್ಲಿ ಮಗುಚಿ, ಬೂಟಿನಡಿಗೆ ಕಟ್ಟುವ ಆ ಕಬ್ಬಿಣದ ಹನ್ನೆರಡು ಹಲ್ಲುಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ ನೋಡಿ, "ಕಾಲಿಗೆ ಇದು, ಸರಿ. ಮೇಲೆ ಯಾರು ಹೋಗುದು?" ಎಂದ. ನಾನೇ, ದಾರಿಗೆ ಕಂಪನಿಯ ಶೆರ್ಪಾ ಜೊತೆಗಿರುತ್ತಾನೆ ಎಂದೆ. "ಮತ್ತೆ ಆ ಶೆರ್ಪಾ?" ಅವನು ಹಗ್ಗ ಕಟ್ಟಿಕೊಂಡು ಮುಂದೆ ನಡೆದು ಹಿಮದ ಬಿರುಕು ಎಲ್ಲುಂಟೆಂದು ನೋಡುತ್ತಾನೆ, ಅದೇ ಹಗ್ಗದ ಇನ್ನೊಂದು ತುದಿಯಲ್ಲಿ ನಾನು ಎಂದು ವಿವರಿಸಿದೆ. ಅವನು ಕ್ರ್ಯಾಂಪಾನ್ ಕೆಳಗಿಟ್ಟ. "ಅಲ್ಲ ಮಾರಾಯ್ರೇ, ಹತ್ತುವವರು ನೀವು, ಕೂಲಿ ಅವರಿಗಾ?"

ಅಡಿಕೆ ಸೀಮೆಯ ಧರ್ಮಶಾಸ್ತ್ರವೇ ಅದು. ದುಡ್ಡು ಕೊಡುವವ ಕೆಳಗೆ ನಿಂತು ಕತ್ತು ನೋಯಿಸಿಕೊಳ್ಳಬೇಕು, ತೆಗೆದುಕೊಳ್ಳುವವ ಮೇಲೆ ಹೋಗಬೇಕು. ಈಗ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಅವನೂ ನೆಲದಲ್ಲೇ ನಿಲ್ಲುತ್ತಾನೆ. ಅದೇ ಕಾರ್ಬನ್ ಫೈಬರಿನ ಊರುಗೋಲು ಹಿಡಿದು ಆರು ಸಾವಿರ ಮೀಟರ್ ಹತ್ತುವೆನೆನ್ನುವ ಯಜಮಾನನ ಬಗ್ಗೆ ಅವನಿಗೆ ಕನಿಕರ ಬಂದದ್ದು ಸಹಜ.

ಇನ್ನು ದಿನ ನಿಗದಿ. ಮೇರಾ ಹತ್ತಲು ಒಳ್ಳೆಯ ಕಾಲ ಎರಡು: ಅಕ್ಟೋಬರ್-ನವೆಂಬರ್, ಇಲ್ಲವೇ ಏಪ್ರಿಲ್-ಮೇ. ಮೊದಲನೆಯದು ಅಡಿಕೆ ಕೊಯ್ಲಿನ ಬಾಗಿಲು. ಶೆರ್ಪಾ ಮೇಲ್ ಹಾಕಿದ ಗಂಟೆಯೊಳಗೆ ಉತ್ತರಿಸುತ್ತಾನೆ. ನಮ್ಮವ ಆ ದಿನಗಳಲ್ಲಿ ಫೋನೇ ಎತ್ತುವುದಿಲ್ಲ. ಸಿಕ್ಕ ದಿನ ಬಿಟ್ಟರೆ ಅಡಿಕೆ ನೆಲದ ಪಾಲು. ಹಾಗಾಗಿ ಏಪ್ರಿಲ್ ಎಂದು ನಿಶ್ಚಯಿಸಿ, ಗೌರವಕ್ಕೆಂದು ಅವನ ಒಪ್ಪಿಗೆಯನ್ನೂ ಕೇಳಿದೆ.

"ಹೋಗಿ ಬನ್ನಿ," ಎಂದ ಉದಾರವಾಗಿ. "ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಡ್ಲಿಕ್ಕುಂಟು, ಅಷ್ಟರೊಳಗೆ ಇಳೀರಿ. ಪೈಪು ಎಳೆಯುವ ಜನ ಈ ಸಲವೂ ಸಿಗ್ಲಿಲ್ಲ."